ಬಿಡುವಿನ ವ್ಯಾಯಾಮ: ಸ್ವಭಾವದ ಪಾಲೆಷ್ಟು, ಸುತ್ತಲಿನವರ ಪಾಲೆಷ್ಟು?

ವ್ಯಾಯಾಮ ಮಾಡದವರನ್ನು ಸೋಮಾರಿಗಳೆಂದು ಕರೆದುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಈ ಮಾತನ್ನು ನಾನು ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಈ ಪ್ರಮಾಣ ಸುಮಾರು ಶೇ. 42 ಆಗಿದ್ದರೆ ಹೆಂಗಸರಲ್ಲಿ ಸುಮಾರು ಶೇ. 57ರಷ್ಟಿತ್ತು. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ ಎಂಬುದು ಇಲ್ಲಿನ ಅಳತೆ. ಉದ್ಯೋಗ, ಮನೆಗೆಲಸ, ಓಡಾಟಗಳೂ ಈ ಲೆಕ್ಕದಲ್ಲಿ ಸೇರಿವೆ. ಬರೀ ಸೋಮಾರಿತನವೇ ಕಾರಣವಾಗಿದ್ದರೆ ಗಂಡಸರಿಗೂ ಹೆಂಗಸರಿಗೂ ನಡುವೆ ಇಷ್ಟು ಅಂತರ ಏಕಿರಬೇಕು?

ಸ್ವಭಾವಕ್ಕೆ ಪಾಲಿಲ್ಲವೆಂದಲ್ಲ. ವ್ಯಕ್ತಿತ್ವವನ್ನು ಐದು ಮುಖ್ಯ ಗುಣಗಳಲ್ಲಿ ಅಳೆಯುವ ಮನೋವಿಜ್ಞಾನಿಗಳು, ಜನರೊಡನೆ ಬೆರೆಯುವವರು ಮತ್ತು ಹಿಡಿದ ಕೆಲಸವನ್ನು ಶಿಸ್ತಿನಿಂದ ಮುಗಿಸುವವರು ಬಿಡುವಿನ ವೇಳೆಯಲ್ಲಿ ಹೆಚ್ಚು ಚಟುವಟಿಕೆಯಿಂದಿರುತ್ತಾರೆಂದೂ, ಸದಾ ಆತಂಕಕ್ಕೆ ಒಳಗಾಗುವವರು ತುಸು ಹಿಂದುಳಿಯುತ್ತಾರೆಂದೂ ಮತ್ತೆ ಮತ್ತೆ ಕಂಡಿದ್ದಾರೆ. ಆದರೆ ಈ ಸಂಬಂಧಗಳು ದುರ್ಬಲವಾದವು ಎಂಬುದನ್ನೂ ಅವರೇ ಹೇಳುತ್ತಾರೆ. ಒಬ್ಬರು ವ್ಯಾಯಾಮ ಮಾಡುತ್ತಾರೋ ಇಲ್ಲವೋ ಎಂಬುದಕ್ಕಿಂತ ಯಾವ ಬಗೆಯ ವ್ಯಾಯಾಮ ಅವರಿಗೆ ಒಗ್ಗುತ್ತದೆ ಎಂಬುದರಲ್ಲಿ ಸ್ವಭಾವ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಂದು ನನಗೆ ತೋರುತ್ತದೆ. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟದ ಜನಜಂಗುಳಿಯೇ ಕೆಲವರಿಗೆ ಹುರುಪು ಕೊಡುತ್ತದೆ. ಸ್ಯಾಂಕಿ ಕೆರೆಯ ದಂಡೆಯಲ್ಲಿ ಯಾರೊಡನೆಯೂ ಮಾತನಾಡದೆ ಸುತ್ತು ಹಾಕುವುದೇ ಇನ್ನು ಕೆಲವರಿಗೆ ಹಿತ.

ನನ್ನ ಅತ್ತಿಗೆ ಈ ಎರಡನೆಯ ಬಗೆಯವರು. ರಾಜಾಜಿನಗರದ ಮನೆಯ ಹತ್ತಿರದ ಜಿಮ್‌ಗೆ ಸೇರಿದ್ದ ಅವರು, ಅಲ್ಲಿನ ಕನ್ನಡಿ, ಜೋರು ಸಂಗೀತ, ತರಬೇತುದಾರರ ಕೂಗಾಟ ಸಹಿಸಲಾಗದೆ ಬಿಟ್ಟುಬಿಟ್ಟರು. ಮನೆಯಲ್ಲಿ ಎಲ್ಲರೂ ಅದನ್ನು ಛಲವಿಲ್ಲದಿರುವಿಕೆ ಎಂದೇ ತಿಳಿದರು. ಒಂಟಿಯಾಗಿ ನಡೆಯುವುದು ಅವರಿಗೆ ಇಷ್ಟವೇ. ಆದರೆ ಒಂಟಿಯಾಗಿ ನಡೆಯಲು ಹೆಂಗಸಿಗೆ ಬೆಳಕಿರುವ ಬೀದಿ ಬೇಕು, ಒಡೆದ ಚಪ್ಪಡಿಗಳಿಲ್ಲದ, ಬೈಕ್‌ಗಳು ನುಗ್ಗದ ಫುಟ್‌ಪಾತ್ ಬೇಕು, ದಿಟ್ಟಿಸಿ ನೋಡುವವರಿಲ್ಲದ ಹೊತ್ತು ಬೇಕು. ಅಂಥ ಹೊತ್ತೆಂದರೆ ಬೆಳಗ್ಗೆ ಆರರಿಂದ ಏಳು. ತಿಂಡಿಗೂ ಮಕ್ಕಳ ಡಬ್ಬಿಗೂ ಅದೇ ಹೊತ್ತು.

ಗಂಡಸರ ಬಿಡುವಿಗೆ ಇರುವಷ್ಟು ಮನ್ನಣೆ ಹೆಂಗಸರ ಬಿಡುವಿಗೆ ಇಲ್ಲ. ಲಾಲ್‌ಬಾಗಿನಲ್ಲಿ ಒಂದು ಸುತ್ತು ಮುಗಿಸಿ, ಹೋಟೆಲಿನಲ್ಲಿ ಕಾಫಿ ಕುಡಿದು, ಎಂಟೂವರೆಗೆ ಮನೆಗೆ ಮರಳುವ ಹಿರಿಯರ ಗುಂಪುಗಳನ್ನು ನಾವು ಗೌರವದಿಂದ ನೋಡುತ್ತೇವೆ, ಅದು ತಪ್ಪೂ ಅಲ್ಲ. ಒಬ್ಬರು ಬಾರದಿದ್ದರೆ ಉಳಿದವರು ಫೋನ್ ಮಾಡಿ ವಿಚಾರಿಸುವ ಆ ಸ್ನೇಹವೇ ಅವರನ್ನು ವರ್ಷಗಟ್ಟಲೆ ನಡೆಸಿದೆ. ಅದೇ ಮನೆಯ ಸೊಸೆ ಎಂಟೂವರೆಗೆ ಮರಳಿದರೆ ಎಷ್ಟು ಪ್ರಶ್ನೆಗಳು ಕಾದಿರುತ್ತವೆ! ಇನ್ನು ಮನೆಯಿಂದ ಮನೆಗೆ ಪಾತ್ರೆ ತೊಳೆಯಲು ನಡೆಯುವವರ ಪಾಲಿಗೆ ನಡಿಗೆ ದುಡಿಮೆಯೇ ಆಗಿದೆ.

ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 1977ರಲ್ಲಿ ವಿವರಿಸಿದ ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಇಲ್ಲಿ ಎರಡೂ ಕಡೆಯನ್ನು ಕೂಡಿಸುತ್ತದೆ. ಆ ನಂಬಿಕೆ ಬಹುಮಟ್ಟಿಗೆ ಸ್ವಂತ ಅನುಭವದಿಂದ, ತನ್ನಂಥವರೇ ಮಾಡುವುದನ್ನು ಕಾಣುವುದರಿಂದ, ಹತ್ತಿರದವರ ಪ್ರೋತ್ಸಾಹದಿಂದ ಬೆಳೆಯುತ್ತದೆಂದು ಅವರು ತೋರಿಸಿದರು. ಐವತ್ತರ ಹೆಂಗಸೊಬ್ಬರು ಸಲ್ವಾರ್ ತೊಟ್ಟು, ಶೂ ಹಾಕಿ ಬಡಾವಣೆಯ ಪಾರ್ಕಿನಲ್ಲಿ ಬಿರುಸಾಗಿ ನಡೆಯುವುದನ್ನು ಕಂಡ ಪಕ್ಕದ ಮನೆಯವರಿಗೆ ಮರುದಿನ ಹೊರಡುವುದು ಸ್ವಲ್ಪ ಸುಲಭವಾಗುತ್ತದೆ.

ಆದ್ದರಿಂದ ಸಕ್ಕರೆ ಕಾಯಿಲೆಗೆ ‘ದಿನಾ ವಾಕಿಂಗ್ ಮಾಡಿ’ ಎಂದು ಚೀಟಿಯಲ್ಲಿ ಬರೆಯುವ ವೈದ್ಯರು ಇನ್ನೆರಡು ಪ್ರಶ್ನೆಗಳನ್ನೂ ಕೇಳಬೇಕೆಂದು ನಾನು ಕಳಕಳಿಯಿಂದ ಬಯಸುತ್ತೇನೆ: ನಿಮಗೆ ಜೊತೆ ಬೇಕೋ, ಒಬ್ಬರೇ ಇರುವುದು ಇಷ್ಟವೋ? ನೀವು ಹೊರಟ ಹೊತ್ತಿನಲ್ಲಿ ಅಡುಗೆಮನೆಯನ್ನು ಯಾರು ನೋಡಿಕೊಳ್ಳುತ್ತಾರೆ? ಎರಡನೆಯದನ್ನು ಪಕ್ಕದಲ್ಲಿ ಕುಳಿತಿರುವ ಗಂಡನನ್ನೇ ಕೇಳುವುದು ಒಳ್ಳೆಯದು.