ಆ ಎಲೆಗೆ ಬೆಂಕಿ ಹಚ್ಚಬೇಡಿ, ಗೊಬ್ಬರಕ್ಕೆ ಬೇಕು

ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಎಲ್ಲಿ ನೋಡಿದರೂ ಎಲೆ. ಹೊಂಗೆ, ಮಳೆಮರ, ಬಾದಾಮಿ, ಒಂದಾದ ಮೇಲೆ ಒಂದು ಉದುರುತ್ತಲೇ ಇರುತ್ತವೆ. ಗುಡಿಸಿ ಮೂಲೆಗೆ ತಳ್ಳುತ್ತಾರೆ, ಆಮೇಲೆ ಬೆಂಕಿ ಹಚ್ಚುತ್ತಾರೆ. ಅದೇ ಬೀದಿಯಲ್ಲಿ ಇನ್ಯಾರೋ ಕಾಂಪೋಸ್ಟ್ ಡಬ್ಬಕ್ಕೆ ಹಾಕಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಗೊಬ್ಬರ ಮಾಡೋಕೆ ಶುರು ಮಾಡಿ ಅರ್ಧಕ್ಕೇ ಬಿಟ್ಟವರನ್ನು ಕೇಳಿ, ಎಲ್ಲರೂ ಹೇಳುವುದು ಒಂದೇ. ವಾಸನೆ ಬಂತು, ಹುಳ ಆಯ್ತು, ನೀರು ಸೋರಿತು, ಮನೆಯವರು ಬೈದರು. ಈ ಮೊದಲ ಮೂರಕ್ಕೂ ನಾನು ಹೇಳುವ ಮದ್ದು ಒಣ ಎಲೆ. ಅದು ಸಾಕಷ್ಟಿದ್ದರೆ ನಾಲ್ಕನೆಯದು ತಾನಾಗಿಯೇ ನಿಲ್ಲುತ್ತದೆ.

ಯಾಕೆ ಅಂದರೆ, ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಟೀ ಕಾಫಿ ಚರಟ, ಇವುಗಳಲ್ಲಿ ಸಾರಜನಕವೂ ನೀರೂ ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಸಿಕ್ಕರೆ ಕೆಲಸ ಸಲೀಸು. ಬರೀ ಅಡುಗೆಮನೆ ಕಸ ಹಾಕಿದರೆ ಇಂಗಾಲ ಸಾಲದೆ ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಹೊರಗೆ ಬರುತ್ತದೆ, ಮೂಗಿಗೆ ಚುರ್ ಅನ್ನುವ ವಾಸನೆ ಅದೇ. ಅದಕ್ಕಿಂತ ಕೆಟ್ಟದ್ದು ಕೊಳೆತ ಮೊಟ್ಟೆಯ ವಾಸನೆ. ಅದು ಬಂದರೆ ಒಳಗೆ ಗಾಳಿ ಆಡುತ್ತಿಲ್ಲ, ಕಸವೆಲ್ಲ ಮುದ್ದೆಯಾಗಿದೆ ಅಂತ ಅರ್ಥ. ಎಲೆ ಹಾಕಿದರೆ ಇಂಗಾಲವೂ ಸಿಕ್ಕಿತು, ಹೆಚ್ಚಿನ ನೀರನ್ನೂ ಹೀರಿಕೊಂಡಿತು, ಎಲೆಗಳ ಸಂದಿಯಲ್ಲಿ ಗಾಳಿಯೂ ಉಳಿಯಿತು.

ಅಳತೆ ಸುಲಭ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಪುಡಿ ಮಾಡಿದ ಎಲೆ. ಪುಡಿ ಅಂದರೆ ಚೀಲಕ್ಕೆ ತುಂಬಿ ಮೇಲೆ ನಾಲ್ಕು ಸಲ ತುಳಿದರೆ ಆಗುವಷ್ಟು ಸಾಕು. ಮೇಲ್ಗಡೆ ಹಸಿ ಕಸ ಯಾವತ್ತೂ ಕಾಣಬಾರದು, ಎಲೆಯ ದಪ್ಪ ಹೊದಿಕೆ ಇರಲೇಬೇಕು. ಹಣ್ಣಿನ ನೊಣ ಬರುವುದು ಕಸ ಕಾಣುವುದರಿಂದಲೇ. ವಾರಕ್ಕೆ ಒಂದೆರಡು ಸಲ ಕೋಲಿನಿಂದ ಬುಡದಿಂದ ಮೇಲಕ್ಕೆ ತಿರುವಿ ಹಾಕಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ, ಧಾರೆಯಾಗಿ ಸುರಿದರೆ ಇನ್ನಷ್ಟು ಎಲೆ, ಏನೂ ಬರದೆ ಉದುರಿ ಹೋದರೆ ಸ್ವಲ್ಪ ನೀರು.

ಡಬ್ಬ ಯಾವುದು ಅನ್ನೋದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳು ಚೆನ್ನಾಗಿವೆ, ಮಣ್ಣು ತಾನೇ ಉಸಿರಾಡುತ್ತದೆ. ಸುತ್ತಲೂ ತೂತು ಹೊಡೆದ ಹಳೇ ಬಕೆಟ್ ಕೂಡ ಆಗುತ್ತದೆ. ಅಂಗಳ ಇದ್ದರೆ ಗುಂಡಿಯೇ ಸಾಕು. ಶುರುವಿಗೆ ಹುಳಿ ಮಜ್ಜಿಗೆಯೋ ಸಗಣಿ ನೀರೋ ಒಂದು ಲೋಟ ಚಿಮುಕಿಸಬಹುದು. ಯಾರದಾದರೂ ಮನೆಯ ಹಳೇ ಗೊಬ್ಬರ ಎರಡು ಹಿಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಹುಳದ ವಿಷಯ ಬಿಡಿಸಿ ಹೇಳಲೇಬೇಕು, ಜನ ಹೆದರಿ ಕೈಬಿಡುವುದು ಅಲ್ಲೇ. ಮಳೆಗಾಲದಲ್ಲಿ ಕಂದು ಬಣ್ಣದ, ಚಪ್ಪಟೆ, ಉಂಗುರ ಉಂಗುರವಾದ ಹುಳುಗಳು ಕಂಡರೆ ಅವು ಹೆಚ್ಚಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು. ಈ ನೊಣ ಕಚ್ಚುವುದಿಲ್ಲ, ಮನೆ ನೊಣದ ಹಾಗೆ ನಮ್ಮ ಊಟದ ಮೇಲೆ ಮುತ್ತುವುದೂ ಇಲ್ಲ. ಮರಿಗಳು ಮಾತ್ರ ಹಸಿ ಕಸವನ್ನು ಭಾರೀ ವೇಗದಲ್ಲಿ ತಿಂದು ಮುಗಿಸುತ್ತವೆ. ಫಿನಾಯಿಲ್, ಸೀಮೆಎಣ್ಣೆ ಸುರಿಯಬೇಡಿ, ಪಾಪ. ತೀರಾ ಜಾಸ್ತಿ ಅನ್ನಿಸಿದರೆ ಎಲೆ ಹಾಕಿ ಒಣಗಿಸಿ, ಅವೇ ಕಡಿಮೆಯಾಗುತ್ತವೆ.

ಮೀನು, ಮಾಂಸ, ಎಣ್ಣೆ, ಸಾರು ಬಾಲ್ಕನಿಯ ಚಿಕ್ಕ ಡಬ್ಬಕ್ಕೆ ಬೇಡ. ಉಳಿದ ಅನ್ನ ಸ್ವಲ್ಪ ಪರವಾಗಿಲ್ಲ.

ಮಲೆನಾಡಿನವರಿಗೆ, ಉತ್ತರ ಕನ್ನಡದವರಿಗೆ ಇದೆಲ್ಲ ಹೊಸದಲ್ಲ. ಅಡಿಕೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟ ಇಟ್ಟುಕೊಂಡು, ಅಲ್ಲಿಂದ ದರಕು (ಉದುರಿದ ಒಣ ಎಲೆ), ಸೊಪ್ಪು ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿ, ಸಗಣಿ ಗಂಜಲದಲ್ಲಿ ನೆಂದ ಮೇಲೆ ಎತ್ತಿ ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಒಣದ್ದು ಇಂಗಾಲ, ಸಗಣಿ ಗಂಜಲ ಸಾರಜನಕ, ಲೆಕ್ಕ ಅದೇ. ನಮ್ಮ ಬೆಂಗಳೂರಿನ ಹೆಸರಲ್ಲೇ ಒಂದು ಕಾಂಪೋಸ್ಟ್ ವಿಧಾನ ಇದೆ, ಗೊತ್ತಾ? 1939ರ ಸುಮಾರಿಗೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ರೂಪಿಸಿದ್ದು. ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ತಿರುವಿ ಹಾಕದೆ ತಿಂಗಳುಗಟ್ಟಲೆ ಬಿಡುವ ಪದ್ಧತಿ. ಇಂಥ ಊರಿನ ಕಸ, ಅದನ್ನು ತಂದು ಸುರಿಯುತ್ತಿದ್ದ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರಿನ ಜನರ ಬಾವಿ ನೀರು ಕೆಡಿಸಿ, ಅವರು ಬೀದಿಗಿಳಿದ ಮೇಲೆ ನಮಗೆ ಎಚ್ಚರವಾಯಿತು. ನಮ್ಮ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಅದು ನಮ್ಮ ಮನೆ ದಾಟಬೇಕಾದ ಅಗತ್ಯವೇ ಇಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಎರಡು ಮೂರು ತಿಂಗಳಲ್ಲಿ ಗೊಬ್ಬರ ಕಪ್ಪಾಗಿ, ಪುಡಿಪುಡಿಯಾಗಿ, ಮೊದಲ ಮಳೆಗೆ ನೆಲದಿಂದ ಏಳುವ ವಾಸನೆ ಬರುತ್ತದೆ. ಎರಡೂ ವಾಸನೆ ಹುಟ್ಟುವುದು ಮಣ್ಣಿನ ಒಂದೇ ಜಾತಿಯ ಸೂಕ್ಷ್ಮಜೀವಿಗಳಿಂದ. ಸಿಪ್ಪೆಯ ಗುರುತು ಕಾಣುತ್ತಿದ್ದರೆ ಆತುರ ಬೇಡ. ಅರ್ಧ ಕೊಳೆತದ್ದನ್ನು ಕುಂಡಕ್ಕೆ ಹಾಕಿದರೆ ಅದು ಕೊಳೆಯಲು ಗಿಡದ ಪಾಲಿನ ಸಾರಜನಕವನ್ನೇ ಎಳೆದುಕೊಳ್ಳಬಹುದು, ಎಲೆ ಹಳದಿಯಾಗುತ್ತದೆ. ಜರಡಿ ಹಿಡಿದು, ಮೇಲೆ ಉಳಿದ ಗಟ್ಟಿಯನ್ನು ಹೊಸ ಡಬ್ಬಕ್ಕೆ ಹಾಕಿ. ಕುಂಡಕ್ಕೆ ಬರೀ ಗೊಬ್ಬರ ತುಂಬಬೇಡಿ, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಗೊಬ್ಬರ ಸಾಕು. ಟೊಮೆಟೊ, ಕುಂಬಳದ ಸಸಿ ತಾನಾಗಿ ಎದ್ದರೆ ಗಾಬರಿ ಬೇಡ. ದೊಡ್ಡ ರಾಶಿ 55 ಡಿಗ್ರಿ ದಾಟಿ ಬಿಸಿಯಾಗಿ ಹೆಚ್ಚಿನ ಬೀಜಗಳನ್ನು ಕೊಲ್ಲುತ್ತದೆ, ಮನೆಯ ಡಬ್ಬ ಅಷ್ಟು ಕಾಯುವುದಿಲ್ಲ.

ಹಾಗಾಗಿ ಎಲೆ ಉದುರುವ ಕಾಲಕ್ಕೆ ನಾಲ್ಕಾರು ಗೋಣಿಚೀಲ ರೆಡಿ ಇಟ್ಟುಕೊಳ್ಳಿ. ಬೀದಿ ಗುಡಿಸುವ ಪೌರಕಾರ್ಮಿಕರಿಗೆ, ಪ್ಲಾಸ್ಟಿಕ್ ಸೇರಿಸದೆ ಎಲೆ ನಮ್ಮ ಗೇಟಿನ ಹತ್ತಿರ ಇಡಿ ಅಂತ ಪ್ರೀತಿಯಿಂದ ಕೇಳಿ. ಹೊತ್ತು ಸಾಗಿಸುವ ಕೆಲಸ ಅವರಿಗೂ ಕಡಿಮೆಯಾಗುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ, ಆದರೆ ಜಗಳಕ್ಕಿಂತ ಚೀಲ ಹಿಡಿದು ಹೋಗುವುದೇ ಮೇಲು ಅಂತ ನನ್ನ ಅನಿಸಿಕೆ. ಮಳೆಗೆ ನೆನೆಯದ ಕಡೆ ಚೀಲಗಳನ್ನು ಪೇರಿಸಿ. ಆಯುಧಪೂಜೆಯ ಮಾರನೇ ದಿನ ಬೀದಿ ತುಂಬಾ ಒಡೆದ ಬೂದುಗುಂಬಳ, ಬಾಳೆಕಂದು, ಚೆಂಡುಹೂ ಬಿದ್ದಿರುತ್ತವಲ್ಲ, ಕುಂಕುಮ ಮೆತ್ತಿದ ಭಾಗ ಬಿಟ್ಟು, ಕಾಸು ಹೆಕ್ಕಿ ತೆಗೆದು ಅವನ್ನೆಲ್ಲ ತನ್ನಿ. ಒಂದೊಂದು ಕುಂಬಳಕ್ಕೆ ಅರ್ಧ ಚೀಲ ಎಲೆ ಹಿಡಿಯುತ್ತದೆ.