ಲಗ್ನಪತ್ರಿಕೆಯ ರಟ್ಟು, ಬೂಟಿನ ಡಬ್ಬಿ ಮತ್ತು ಕಸೂತಿಯ ದಾರ

ಶ್ರಾವಣದ ಹಬ್ಬಗಳಿಗೆ ಮುಂಚೆ ಮುಗಿಸಿಕೊಡಬೇಕಾಗಿದ್ದ ಕಪ್ಪು ಸೀರೆಯೊಂದರ ಸೆರಗು ಆಗ ನನ್ನ ಕೈಯಲ್ಲಿತ್ತು. ಗೋಪುರಗಳ ಸಾಲು ಮುಗಿದು ತೇರಿನ ಚಕ್ರಗಳಿಗೆ ಬರುವ ಹೊತ್ತಿಗೆ ಕೆಂಪು ದಾರ ತೀರಿತು. ಮನೆಯಲ್ಲಿ ಕೆಂಪು ದಾರಕ್ಕೆ ಬರವೇನೂ ಇರಲಿಲ್ಲ. ಹೊಲಿಗೆ ಯಂತ್ರದ ಖಾನೆ, ಕಪಾಟಿನ ಕೆಳಗಿನ ಅರೆ, ಅತ್ತೆಯವರ ಟ್ರಂಕು, ಊರಿಗೆ ಹೋಗುವಾಗ ಒಯ್ಯುವ ಕೈಚೀಲ, ಹೀಗೆ ನಾಲ್ಕೂ ಕಡೆಯಿಂದ ಹೆಕ್ಕಿ ತಂದು ಚಾಪೆಯ ಮೇಲೆ ಸುರಿದಾಗ ಕುಂಕುಮದ ಕೆಂಪಿನಿಂದ ಇಟ್ಟಿಗೆಯ ಕೆಂಪಿನವರೆಗೆ ಎಲ್ಲವೂ ಅಲ್ಲಿದ್ದವು. ಆದರೆ ಒಂದರ ಮೇಲೂ ಬಣ್ಣದ ಸಂಖ್ಯೆಯಿರುವ ಕಾಗದದ ಪಟ್ಟಿ ಉಳಿದಿರಲಿಲ್ಲವಾದ್ದರಿಂದ, ಸೆರಗಿಗೆ ಬಳಸಿದ ಕೆಂಪು ಯಾವುದೆಂದು ಕಣ್ಣಿನ ಅಂದಾಜಿನ ಮೇಲೆ ಹೇಳುವುದಷ್ಟೇ ದಾರಿಯಾಯಿತು.

ಬೇರೆ ಬಗೆಯ ಹೆಣಿಗೆಯಲ್ಲಿ ಇಂಥ ಅಂದಾಜು ನಡೆದುಹೋಗಬಹುದು. ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ, ಅದರಲ್ಲೂ ಗವಂತಿ ಹೊಲಿಗೆಯಲ್ಲಿ, ನಡೆಯುವುದಿಲ್ಲ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದರಂತೆ ಮುಂದಕ್ಕೆ ಹೋಗಿ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರುತ್ತದೆ; ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಬದಿಯಲ್ಲಿ ಚಿತ್ರ ಒಂದೇ ರೀತಿ ಕಾಣಬೇಕು. ಹೋಗುವಾಗ ಒಂದು ಕೆಂಪು, ಬರುವಾಗ ಇನ್ನೊಂದು ಕೆಂಪಾದರೆ ಒಂದೇ ಗೆರೆಯಲ್ಲಿ ಎರಡು ಬಣ್ಣ ಸಾಲಾಗಿ ಅದಲುಬದಲಾಗಿ ಕುಳಿತು, ಎಷ್ಟು ದೂರದಿಂದ ನೋಡಿದರೂ ಎದ್ದು ಕಾಣುತ್ತವೆ. ಸಿಕ್ಕಿದ ಕೆಂಪುಗಳನ್ನೆಲ್ಲ ಕಿಟಕಿಯ ಬೆಳಕಿಗೆ ಒಯ್ದು, ಒಂದೊಂದನ್ನೂ ಹೆಣೆದ ಗೆರೆಯ ಮೇಲೆ ಅಡ್ಡಲಾಗಿ ಇಟ್ಟು ನೋಡಿ, ಕಣ್ಣಿಗೆ ಕಾಣದೆ ಕರಗಿಹೋದ ದಾರವನ್ನು ಆರಿಸಿಕೊಂಡೆ. ಬಲ್ಬಿನ ಬೆಳಕಿನಲ್ಲಿ ಈ ಪರೀಕ್ಷೆ ಮಾಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಅಕ್ಕತಂಗಿಯರಂತಿರುವ ಕೆಂಪುಗಳು ಹಗಲಿನಲ್ಲಿ ಬೇರೆ ಬೇರೆ ಮನೆಯವರಾಗುತ್ತವೆ.

ಆ ದಿನ ರವಿವಾರ, ಹೊರಗೆ ಜಿಟಿಜಿಟಿ ಮಳೆ, ಹೇಗೂ ಚಾಪೆಯ ಮೇಲೆ ಎಲ್ಲ ಹರಡಿಯಾಗಿತ್ತು. ಮತ್ತೆ ಅದೇ ನಾಲ್ಕು ಕಡೆ ತುರುಕುವ ಬದಲು ಎಲ್ಲಕ್ಕೂ ಒಂದು ಕ್ರಮ ಹಚ್ಚಿಬಿಡೋಣವೆಂದು ಕುಳಿತೆ. ಪೇಟೆಯ ಅಂಗಡಿಯಲ್ಲಿ ಖಾನೆಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ, ಜೊತೆಗೆ ದಾರ ಸುತ್ತುವ ಪ್ಲಾಸ್ಟಿಕ್ ಬಾಬಿನ್ನುಗಳ ಪೊಟ್ಟಣ ಸಿಗುತ್ತವೆ ಎಂಬುದು ಗೊತ್ತಿತ್ತು. ನನ್ನಲ್ಲಿರುವಷ್ಟು ದಾರಕ್ಕೆ ಅಂಥವು ಮೂರಾದರೂ ಬೇಕಾಗುತ್ತಿದ್ದವು, ಆ ದುಡ್ಡಿನಲ್ಲಿ ಇನ್ನೊಂದು ವರ್ಷದ ದಾರವೇ ಬರುತ್ತಿತ್ತು. ದುಡ್ಡಿನ ಮಾತು ಬಿಟ್ಟರೂ ಆ ಪೆಟ್ಟಿಗೆಯ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಪಾರದರ್ಶಕವಾದದ್ದರಿಂದ ಬೆಳಕು ಒಳಗೆ ಹೋಗಿ ಬಣ್ಣ ಕ್ರಮೇಣ ಮಂಕಾಗುತ್ತದೆ. ಮಳೆಗಾಲದಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಸೇರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಮುಗ್ಗಲು ವಾಸನೆ ಹುಟ್ಟುತ್ತದೆ.

ದಾರ ಯಾಕೆ ಸಿಕ್ಕಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಆಂಕರ್ ಕಂಪನಿಯದಿರಲಿ ಡಿಎಂಸಿ ಕಂಪನಿಯದಿರಲಿ, ಹತ್ತಿ ದಾರದ ಒಂದು ಲಡಿ ಸಾಮಾನ್ಯವಾಗಿ 8 ಮೀಟರ್ ಉದ್ದವಿದ್ದು, ಅದರಲ್ಲಿ 6 ಎಳೆಗಳು ಸಡಿಲವಾಗಿ ಕೂಡಿಕೊಂಡಿರುತ್ತವೆ. ಕಸೂತಿಗೆ ನಾವು ಬಳಸುವುದು ಬಟ್ಟೆಯ ನೇಯ್ಗೆಯನ್ನು ನೋಡಿಕೊಂಡು ಒಂದೆಳೆ ಅಥವಾ ಎರಡೆಳೆ. ಅಂದರೆ ಪ್ರತಿ ಸಲ ಮೊಳದುದ್ದ ಕತ್ತರಿಸಿದಾಗಲೂ ನಾಲ್ಕೈದು ಎಳೆ ಪಕ್ಕಕ್ಕೆ ಉಳಿಯುತ್ತದೆ. ಲಡಿಯಲ್ಲಿರುವ ದಾರ ತನ್ನ ಪಾಡಿಗೆ ತಾನಿರುತ್ತದೆ. ಗೊಂದಲವೆಲ್ಲ ಈ ಉಳಿದ ಎಳೆಗಳದ್ದು. ಅವುಗಳನ್ನು ಎಸೆಯಲು ಮನಸ್ಸು ಬರುವುದಿಲ್ಲ, ಲಡಿಗೆ ಮರಳಿ ಸೇರಿಸಲು ಬರುವುದಿಲ್ಲ. ಮಾರುವ ಪೆಟ್ಟಿಗೆಗಳಲ್ಲಿ ಇಡೀ ಲಡಿಗೆ ಖಾನೆಯಿದೆಯೇ ಹೊರತು ಈ ಅರೆಬರೆ ಎಳೆಗಳಿಗೆ ಎಲ್ಲಿಯೂ ಜಾಗವಿಲ್ಲ.

ಹಾಗಾಗಿ ರಟ್ಟಿನ ಪಟ್ಟಿಗಳನ್ನು ನಾನೇ ಕತ್ತರಿಸಿ ದಾರವನ್ನು ಅವುಗಳಿಗೆ ಸುತ್ತಿಡೋಣವೆಂದುಕೊಂಡೆ. ರಟ್ಟಿಗೆ ನಮ್ಮ ಮನೆಯಲ್ಲಿ ಕೊರತೆಯಿರಲಿಲ್ಲ. ವೈಶಾಖ, ಜ್ಯೇಷ್ಠದ ಮದುವೆಗಳು ಮುಗಿದು ಟಿವಿಯ ಹಿಂದೆ ಲಗ್ನಪತ್ರಿಕೆಗಳ ದೊಡ್ಡ ಕಟ್ಟೇ ಬಿದ್ದಿತ್ತು. ಈಗಿನ ಪತ್ರಿಕೆಗಳ ರಟ್ಟು ಗಟ್ಟಿ, ದಾರ ಬಿಗಿದು ಸುತ್ತಿದರೂ ಬಾಗುವುದಿಲ್ಲ. ನಾನು ಕತ್ತರಿ ಹಿಡಿದು ಮೊದಲ ಪತ್ರಿಕೆಗೆ ಕೈಹಾಕುವಷ್ಟರಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಅತ್ತೆಯವರು, "ಗಣಪ್ಪನ ಮ್ಯಾಲೆ ಕತ್ತರಿ ಆಡಸಬ್ಯಾಡವಾ, ಅದನ್ನ ಬ್ಯಾರೆ ತಗದಿಡು" ಎಂದರು. ಗಣಪತಿಯ ಚಿತ್ರವಿದ್ದ ಭಾಗಗಳನ್ನು ಬೇರೆ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ, "ಹುಡುಗ ಹುಡುಗಿ ಹೆಸರಿನ ನಡುವನೂ ಕತ್ತರಸಬ್ಯಾಡ, ಈಗಷ್ಟ ಲಗ್ನಾ ಆಗ್ಯಾವ" ಎಂಬ ಎರಡನೆಯ ಅಪ್ಪಣೆ ಬಂತು. ಹೀಗಾಗಿ ಕಡೆಗೆ ನನ್ನ ಪಾಲಿಗೆ ಬಂದದ್ದು ಬರಹವಿಲ್ಲದ ಹಿಂಬದಿಯ ಹಾಳೆ ಮತ್ತು ಹೊರಗಿನ ಲಕೋಟೆಯ ದಪ್ಪ ಮಡಿಕೆ ಮಾತ್ರ. ಅದೇ ಒಳ್ಳೆಯದಾಯಿತೆಂದು ಆಮೇಲೆ ಅನ್ನಿಸಿತು. ಬಂಗಾರದ ಬಣ್ಣದ ಅಚ್ಚು ಇರುವ ಕಡೆ ಪುಡಿ ಉದುರಿ ದಾರಕ್ಕೆ ಅಂಟುತ್ತದೆ. ಮೂಲೆಗಳಿಗೆ ಹಚ್ಚಿದ ಅರಿಶಿನ ಕುಂಕುಮವನ್ನಂತೂ ಕತ್ತರಿಸಿ ತೆಗೆಯಲೇಬೇಕು, ಇಲ್ಲವಾದರೆ ಬಿಳಿ ದಾರ ಬಿಳಿಯಾಗಿ ಉಳಿಯುವುದಿಲ್ಲ.

ಪಟ್ಟಿಗಳನ್ನು ಸುಮಾರು ನಾಲ್ಕು ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದವಾಗಿ ಕತ್ತರಿಸಿದೆ. ಎರಡೂ ಉದ್ದನೆಯ ಬದಿಗಳಲ್ಲಿ ಕತ್ತರಿಯ ತುದಿಯಿಂದ ಆಳವಲ್ಲದ ಕಚ್ಚು ಮಾಡಿ, ಸುತ್ತಿದ ದಾರ ಆ ಕಚ್ಚಿನೊಳಗೆ ಕೂರುವಂತೆ ನೋಡಿಕೊಂಡೆ. ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಗೀರು ಹಾಕಿದರೆ ದಾರದ ಕೊನೆಯನ್ನು ಅದರಲ್ಲಿ ಸಿಕ್ಕಿಸಬಹುದು, ಅಂಟು ಟೇಪು ಬೇಕಾಗುವುದಿಲ್ಲ. ಮೇಲ್ಭಾಗದಲ್ಲಿ ಒಂದು ಬೆರಳಿನಷ್ಟು ಜಾಗ ಖಾಲಿ ಬಿಟ್ಟದ್ದು ಸಂಖ್ಯೆ ಬರೆಯುವುದಕ್ಕೆ, ಮತ್ತು ಪಂಚ್ ಮಾಡಿದ ಒಂದು ತೂತಿಗೆ. ಉಳಿದ ಎಳೆಗಳ ಮನೆ ಆ ತೂತು: ನಾಲ್ಕೆಳೆಯನ್ನು ನಡುವೆ ಮಡಿಸಿ, ಕುಣಿಕೆಯನ್ನು ತೂತಿನಲ್ಲಿ ತೂರಿಸಿ ಎಳೆದರೆ ಪಟ್ಟಿಯಿಂದ ಜೋತುಬಿದ್ದು ನಿಲ್ಲುತ್ತದೆ, ಬೇಕಾದಾಗ ಒಂದೊಂದೇ ಎಳೆಯನ್ನು ಹಿಡಿದೆಳೆದರೆ ಬಿಡಿಸಿಕೊಂಡು ಬರುತ್ತದೆ. ಈ ಒಂದು ತೂತು ಮಾಡಿದಷ್ಟು ಉಪಕಾರವನ್ನು ಉಳಿದ ಇಡೀ ದಿನದ ಕೆಲಸ ಮಾಡಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಖ್ಯೆಯನ್ನು ಪೆನ್ಸಿಲಿನಲ್ಲೇ ಬರೆದೆ. ಜೆಲ್ ಪೆನ್ನಿನ ಮಸಿ ತೇವಕ್ಕೆ ಹರಡಿ ಪಕ್ಕದ ದಾರಕ್ಕೆ ಹತ್ತುತ್ತದೆ. ಕಂಪನಿಯ ಕಾಗದದ ಪಟ್ಟಿ ಕಳೆದುಕೊಂಡ ದಾರಗಳಿಗೆ ಸಂಖ್ಯೆಯನ್ನು ಊಹಿಸಿ ಬರೆಯಲು ಹೋಗಲಿಲ್ಲ, ಅವು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಪ್ರತ್ಯೇಕ ಲಕೋಟೆಗೆ ಹೋದವು. ಸಂಖ್ಯೆಯ ಜೊತೆಗೆ ಕಂಪನಿಯ ಹೆಸರಿನ ಮೊದಲ ಅಕ್ಷರವನ್ನೂ ಬರೆಯಬೇಕು, ಏಕೆಂದರೆ ಒಂದೇ ಸಂಖ್ಯೆ ಎರಡು ಕಂಪನಿಗಳಲ್ಲಿ ಎರಡು ಬಣ್ಣ. ಆಂಕರಿನಲ್ಲಿ ಕಪ್ಪು 403 ಆದರೆ ಡಿಎಂಸಿಯಲ್ಲಿ ಅದೇ ಕಪ್ಪು 310.

ಜೋಡಿಸುವುದು ಸಂಖ್ಯೆಯ ಕ್ರಮದಲ್ಲೋ ಬಣ್ಣದ ಕ್ರಮದಲ್ಲೋ ಎಂಬುದರಲ್ಲಿ ನನ್ನ ಓರಗಿತ್ತಿಗೂ ನನಗೂ ಹಳೆಯ ವಾದವಿದೆ. ಆಕೆ ಬೆಂಗಳೂರಿನಲ್ಲಿ ಕ್ರಾಸ್ ಸ್ಟಿಚ್ ಚಿತ್ರಗಳನ್ನು ಹಾಕುತ್ತಾಳೆ. ನಕ್ಷೆಯಲ್ಲಿ ಸಂಖ್ಯೆಯೇ ಇರುವುದರಿಂದ ಸಂಖ್ಯೆಯ ಕ್ರಮವೇ ಸರಿ ಎನ್ನುತ್ತಾಳೆ, ಆಕೆಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಡಿಎಂಸಿಯಲ್ಲಿ 310ರ ಕಪ್ಪಿನ ಪಕ್ಕದಲ್ಲಿ 311ರ ಕಡುನೀಲಿ ಬರುತ್ತದೆ, ನಾಲ್ಕಾರು ಹೆಜ್ಜೆಯಲ್ಲಿ ಬೂದು, ಹಸಿರು ದಾಟಿ 321ಕ್ಕೆ ಕೆಂಪು ಬಂದುಬಿಡುತ್ತದೆ. ಕಸೂತಿಯಲ್ಲಿ ನಮಗೆ ನಕ್ಷೆಯ ಸಂಖ್ಯೆಯಿಲ್ಲ; ಸೀರೆಯ ಮೈಬಣ್ಣ ನೋಡಿ ಕೆಂಪು, ಕಿತ್ತಳೆ, ನೇರಳೆ, ಹಸಿರು, ಬಿಳಿಗಳಲ್ಲಿ ಯಾವುದು ಒಪ್ಪುತ್ತದೆಂದು ಕೈಯಲ್ಲಿ ಹಿಡಿದು ತೀರ್ಮಾನಿಸುತ್ತೇವೆ. ಹಾಗಾಗಿ ನಾನು ಬಣ್ಣದ ಕ್ರಮವನ್ನೇ ಇಟ್ಟುಕೊಂಡೆ, ಒಂದು ಬಣ್ಣದೊಳಗೆ ತಿಳಿಯಿಂದ ಗಾಢಕ್ಕೆ.

ಪಟ್ಟಿಗಳನ್ನು ಮಲಗಿಸದೆ, ಎರಡು ಖಾಲಿ ಬೂಟಿನ ಡಬ್ಬಿಗಳಲ್ಲಿ ಸಾಲಾಗಿ ನಿಲ್ಲಿಸಿದೆ. ಮೊದಲು ಕಣ್ಣಿಗೆ ಬಿದ್ದದ್ದು ಪೇಢೆಯ ಡಬ್ಬಿಗಳು, ನಮ್ಮ ಊರಿನಲ್ಲಿ ಅವು ಯಾರ ಮನೆಯಲ್ಲಿ ಇರುವುದಿಲ್ಲ? ಆದರೆ ಎಷ್ಟು ಒರೆಸಿದರೂ ರಟ್ಟಿನೊಳಗೆ ಜಿಡ್ಡು ಉಳಿದಿರುತ್ತದೆ, ಜಿಡ್ಡಿನ ಹಿಂದೆ ಇರುವೆ ಬರುತ್ತದೆ. ಬೂಟಿನ ಡಬ್ಬಿಯ ತಳಕ್ಕೆ ಹಳೆಯ ಬಿಳಿ ಧೋತರದ ತುಂಡು ಹಾಸಿದೆ. ವರ್ತಮಾನ ಪತ್ರಿಕೆ ಹಾಸಬಾರದು, ಮಸಿ ಬಿಡುತ್ತದೆ. ರಬ್ಬರ್ ಬ್ಯಾಂಡು ಹಾಕಬಾರದು, ಬೇಸಿಗೆಗೆ ಕರಗಿ ದಾರಕ್ಕೇ ಅಂಟಿಕೊಳ್ಳುತ್ತದೆ. ಹುಳುವಿಗೆ ಒಣಗಿಸಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಟ್ಟದ್ದಾಯಿತು.

ಸುತ್ತುವ ಮೊದಲು ಕಡುಗೆಂಪು, ಕಡುನೀಲಿ ದಾರಗಳ ಬಣ್ಣ ಪಕ್ಕಾ ಇದೆಯೇ ಎಂದು ನೋಡಿಕೊಂಡೆ. ತುದಿಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿದರೆ ತಿಳಿಯುತ್ತದೆ. ಹೆಸರಿಲ್ಲದ ಅಗ್ಗದ ಲಡಿಗಳಲ್ಲಿ ಎರಡು ಕೆಂಪುಗಳು ಬಟ್ಟೆಗೆ ಗುಲಾಬಿ ಬಣ್ಣ ಬಿಟ್ಟವು. ಅವನ್ನು ಮಗಳ ಶಾಲೆಯ ಕೈಕೆಲಸದ ಚೀಲಕ್ಕೆ ಹಾಕಿದೆ.

ಅಷ್ಟರಲ್ಲಿ ಅತ್ತೆಯವರ ಟ್ರಂಕಿನ ರೇಷ್ಮೆ ದಾರಗಳ ಸರದಿ ಬಂತು. ಅವನ್ನೂ ಪಟ್ಟಿಗೆ ಸುತ್ತಲು ಹೋದಾಗ ಅವರು ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಎದ್ದೇ ಬಂದರು. "ನಮ್ಮವ್ವ ಹಳೀ ರೇಶಿಮಿ ಸೀರಿ ಎಳಿ ಬಿಚ್ಚಿ ಕಸೂತಿ ಹಾಕತಿದ್ಲು. ಆಕಿ ಎಂದೂ ರಟ್ಟಿಗೆ ಸುತ್ತಿದ್ದು ನಾ ನೋಡಿಲ್ಲ, ಮುರಕೊಂಡ ಎಳಿ ಹೊಳಪು ಕೊಡಂಗಿಲ್ಲ" ಎಂದು ನನ್ನ ಕೈಯಿಂದ ತೆಗೆದುಕೊಂಡರು. ಅವರ ಮಾತಿನಲ್ಲಿ ಹುರುಳಿತ್ತು. ಹತ್ತಿ ದಾರದ ಮಡಿಕೆ ಒದ್ದೆ ಬೆರಳಾಡಿಸಿದರೆ ನೇರವಾಗುತ್ತದೆ, ರೇಷ್ಮೆಯ ಮಡಿಕೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ; ಆ ಜಾಗದಲ್ಲಿ ಬೆಳಕು ಬೇರೆಯಾಗಿ ಬಿದ್ದು ಹೊಲಿಗೆ ಮಾಸಿದಂತೆ ಕಾಣುತ್ತದೆ. ಅವರು ಎಳೆಗಳನ್ನು ಸಡಿಲವಾಗಿ ಜಡೆ ಹೆಣೆದು, ಮೆತ್ತನೆಯ ಬಟ್ಟೆಯಲ್ಲಿ ಉದ್ದಕ್ಕೆ ಸುತ್ತಿ, ತಮ್ಮ ಟ್ರಂಕಿಗೇ ಮರಳಿಸಿದರು. ಜರಿಯ ಉಂಡೆಯೂ ಅವರ ಜೊತೆಗೇ ಹೋಯಿತು, ಅಲ್ಲಿ ನುಸಿಗುಳಿಗೆ ಇಡಬಾರದೆಂಬ ಕಟ್ಟಪ್ಪಣೆಯೊಂದಿಗೆ. ಅದರ ಜೊತೆಯಲ್ಲಿಟ್ಟರೆ ಜರಿ ಕಪ್ಪಾಗುತ್ತದೆ ಎಂಬುದು ಸೀರೆ ಇಡುವವರೆಲ್ಲ ಹೇಳುವ ಮಾತು.

ದೀಪ ಹಚ್ಚುವ ಹೊತ್ತಿಗೆ ಕೆಲಸ ಒಂದು ಹಂತಕ್ಕೆ ಬಂತು. ಪಂಚ್ ಮನೆಯಲ್ಲೇ ಇತ್ತು, ಪೆನ್ಸಿಲು ಮಗಳದ್ದು, ಹೀಗಾಗಿ ಖರ್ಚು ಎಂದು ಆದದ್ದು ಸಂಜೆ ಓಣಿಯ ಅಂಗಡಿಯಿಂದ ತಂದ ಒಂದು ಚಿಕ್ಕ ನೋಟ್‌ಬುಕ್ಕಿಗೆ ಮಾತ್ರ. ಅದರಲ್ಲಿ ಪ್ರತಿ ಸೀರೆಗೂ ಒಂದು ಪುಟ ಇಟ್ಟು, ಬಳಸಿದ ಬಣ್ಣಗಳ ಸಂಖ್ಯೆ ಬರೆದು, ಒಂದು ಬೆರಳುದ್ದದ ಎಳೆಯನ್ನೂ ಪಕ್ಕದಲ್ಲೇ ಹೊಲಿದಿಡುತ್ತಿದ್ದೇನೆ. ಒಂದೇ ಸಂಖ್ಯೆಯಾದರೂ ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ದಾರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುವುದುಂಟು, ಅಂಗಡಿಗೆ ಹೋಗುವಾಗ ಪುಸ್ತಕವನ್ನೇ ಒಯ್ದರೆ ಹಗಲಿನ ಬೆಳಕಿನಲ್ಲಿ ಹೋಲಿಸಿ ತರಬಹುದು. ಪ್ರಶ್ನಾರ್ಥಕ ಚಿಹ್ನೆಯ ಲಕೋಟೆ ಮಾತ್ರ ಇನ್ನೂ ಹಾಗೆಯೇ ಇದೆ, ಅದರಲ್ಲಿ ಹಸಿರುಗಳೇ ಹೆಚ್ಚು. ದೀಪಾವಳಿಯ ರಜೆಗೆ ಓರಗಿತ್ತಿ ತನ್ನ ಬಣ್ಣದ ಪಟ್ಟಿಯನ್ನು ತರುವುದಾಗಿ ಹೇಳಿದ್ದಾಳೆ.