ನೆಟ್‌ವರ್ಕ್ ಹೋದರೂ ನೋಟಿಫಿಕೇಶನ್ ಇರಬೇಕು: ನಮ್ಮ ಆಡಿಯೋ ಆ್ಯಪ್‌ನ ಹೊಸ ಕೆಲಸ

ಸೋಮವಾರಪೇಟೆ ಕಡೆಯ ಸುಗ್ಗಿ ಹಾಡು, ಮದುವೆ ಮನೆಯ ಸೋಬಾನೆ, ಹಿರಿಯರ ಮಾತುಕತೆ ಎಲ್ಲವನ್ನೂ ರೆಕಾರ್ಡ್ ಮಾಡಿ ಒಂದು ಸಣ್ಣ ಸರ್ವರ್‌ನಲ್ಲಿ ಇಟ್ಟಿದ್ದೇನೆ. ಕೇಳೋದಕ್ಕೆ ಒಂದು ಆಂಡ್ರಾಯ್ಡ್ ಆ್ಯಪ್ ಇದೆ. ಕೇಳುವವರು ನೆಂಟರು, ಅಕ್ಕಪಕ್ಕದ ತೋಟದವರು, ಅಷ್ಟೇ. ಹಾಡು ನುಡಿಸುವ ಭಾಗ ಆಗಲೇ ಸರಿಯಾಗಿ ಓಡುತ್ತಿತ್ತು. ಈ ಸಲ ಕೈ ಹಾಕಿದ್ದು ನೋಟಿಫಿಕೇಶನ್‌ಗೆ.

ಒತ್ತಾಯ ಬಂದದ್ದು ಚಿಕ್ಕಮ್ಮನಿಂದ. ಕಾಫಿ ಕೊಯ್ಯುವಾಗ ಫೋನ್ ಅವರ ಸೊಂಟದ ಚೀಲದಲ್ಲಿರುತ್ತೆ. ಆ್ಯಪ್ ತೆರೆದು ನೋಡುವಷ್ಟು ಪುರುಸೊತ್ತು ಇರಲ್ಲ. ಲಾಕ್ ಆದ ಪರದೆಯ ಮೇಲೆ ಏನು ಕಾಣುತ್ತೋ ಅದೇ ಅವರ ಪಾಲಿಗೆ ಇಡೀ ಆ್ಯಪ್. "ಹಾಡು ನಿಂತೋಯ್ತು ಕಣೋ, ಒತ್ತೋಣ ಅಂದ್ರೆ ಆ ಗುಂಡಿನೂ ಕಾಣಿಸ್ತಿಲ್ಲ" ಅಂತ ಹೇಳುತ್ತಲೇ ಇದ್ದರು.

ಮೊದಲು ಒಂದು ತೀರ್ಮಾನ ಮಾಡಬೇಕಿತ್ತು. ನಮ್ಮದೇ ಲೇಔಟ್ ಬರೆದು, ಬಣ್ಣ, ಗುಂಡಿ ಎಲ್ಲ ಬೇಕಾದ ಹಾಗೆ ಕೂರಿಸುವ ಹಳೆಯ ದಾರಿ ಇದೆ. ಆ ಕಡೆ ಹೋಗಲಿಲ್ಲ. 2020ರಲ್ಲಿ ಆಂಡ್ರಾಯ್ಡ್ 11 ಬಂದಾಗಿನಿಂದ ಹಾಡಿನ ಕಾರ್ಡನ್ನು ಸಿಸ್ಟಮ್ಮೇ ಬಿಡಿಸುತ್ತೆ. 2022ರ ಆಂಡ್ರಾಯ್ಡ್ 13ರಿಂದ ಗುಂಡಿಗಳನ್ನೂ ಅದು, ಏನು ನುಡಿಯುತ್ತಿದೆ ಅಂತ ಆ್ಯಪ್ ಸಿಸ್ಟಮ್ಮಿಗೆ ತಿಳಿಸುವ ಮೀಡಿಯಾ ಸೆಷನ್‌ನಿಂದಲೇ ತಗೊಳ್ಳುತ್ತೆ, ನೋಟಿಫಿಕೇಶನ್‌ನಲ್ಲಿ ನಾವು ಬರೆದದ್ದನ್ನು ನೋಡೋದೇ ಇಲ್ಲ. ಹಾಗಾಗಿ ಅಂದಚಂದದ ಆಸೆ ಬಿಟ್ಟು, ಸೆಷನ್‌ಗೆ ಯಾವ ಮಾಹಿತಿ ಕೊಡಬೇಕು ಅನ್ನೋದರ ಮೇಲೆ ಗಮನ ಇಟ್ಟೆ. ಆಡಿಯೋ ನುಡಿಸೋದಕ್ಕೆ ಗೂಗಲ್ ಕೊಡುವ ಮೀಡಿಯಾ3 ಲೈಬ್ರರಿಯ ಮೀಡಿಯಾಸೆಷನ್‌ಸರ್ವಿಸ್ ಬಳಸಿದರೆ ನೋಟಿಫಿಕೇಶನ್ ತಾನಾಗಿಯೇ ಹುಟ್ಟುತ್ತೆ. ಮೀಡಿಯಾ ಸೆಷನ್‌ಗೆ ಸೇರಿದ ನೋಟಿಫಿಕೇಶನ್‌ಗೆ ಆಂಡ್ರಾಯ್ಡ್ 13ರ ಅನುಮತಿ ಪೆಟ್ಟಿಗೆಯೂ ಬೇಕಿಲ್ಲ. ಇದು ದೊಡ್ಡ ಉಪಕಾರ. ನಮ್ಮ ಮನೆಯಲ್ಲಿ ಅಂಥ ಪೆಟ್ಟಿಗೆ ಬಂದರೆ ಎಲ್ಲರೂ ಕಣ್ಣುಮುಚ್ಚಿ 'ಬೇಡ' ಅಂತಲೇ ಒತ್ತುತ್ತಾರೆ.

ಇನ್ನು ಗುಂಡಿಗಳು. ಕಾರ್ಡಿನಲ್ಲಿ ಜಾಗ ಇರೋದು ಐದಕ್ಕೆ, ಮಡಚಿದಾಗ ಮೂರಕ್ಕೆ. ನಮ್ಮ ರೆಕಾರ್ಡಿಂಗ್‌ಗಳು ಒಂದೊಂದೂ ಗಂಟೆಗಟ್ಟಲೆ ಇವೆ. ಹಿಂದಿನದು, ಮುಂದಿನದು ಅನ್ನುವ ಗುಂಡಿಗಳು ಇಲ್ಲಿ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ. ಬೆರಳು ತಾಗಿತು ಅಂದರೆ ಮುಕ್ಕಾಲು ಗಂಟೆ ಕೇಳಿದ್ದು ಹಾರಿಹೋಗುತ್ತೆ. ಬೇಕಾಗಿದ್ದು 15 ಸೆಕೆಂಡ್ ಹಿಂದೆ ಹೋಗುವ ಗುಂಡಿ. ಅಜ್ಜಂದಿರು ಮಾತಿನ ನಡುವೆ ಕೆಮ್ಮುತ್ತಾರೆ, ಹಿಂದೆ ನಾಯಿ ಬೊಗಳುತ್ತೆ, ಒಂದು ಸಾಲು ತಪ್ಪಿಹೋಗುತ್ತೆ, ಅಲ್ವಾ?

ಹೊಸ ಗುಂಡಿಗೆ ಜಾಗ ಬೇಕು ಅಂದರೆ ಹಳೆಯದು ಏಳಬೇಕು. ಸೆಷನ್‌ಗೆ ಯಾರು ಕನೆಕ್ಟ್ ಆಗುತ್ತಾರೋ ಅವರಿಗೆ ಯಾವ ಆಜ್ಞೆ ಸಿಗಬೇಕು ಅಂತ ನಾವೇ ಹೇಳಬಹುದು. ಕನೆಕ್ಟ್ ಆಗುತ್ತಿರೋದು ನೋಟಿಫಿಕೇಶನ್ನಾ ಅಂತ ನೋಡಿ, ಹೌದಾದರೆ 'ಹಿಂದಿನದಕ್ಕೆ ಹೋಗು', 'ಮುಂದಿನದಕ್ಕೆ ಹೋಗು' ಆಜ್ಞೆಗಳನ್ನು ತೆಗೆದೆ. ಇಲ್ಲಿ ಗಮನಿಸಬೇಕಾದ್ದು: ಇವು ಎರಡೆರಡು ಜೋಡಿ ಇವೆ. 'ಹಿಂದಿನದು' ಅನ್ನೋದು ಒಂದು, 'ಹಿಂದಿನ ಮೀಡಿಯಾ ಐಟಂ' ಅನ್ನೋದು ಇನ್ನೊಂದು. ಒಂದನ್ನು ಉಳಿಸಿದರೂ ಗುಂಡಿ ಹೋಗಲ್ಲ. ನಾಲ್ಕೂ ಹೋದ ಮೇಲೆ ಪ್ಲೇ ಗುಂಡಿಯ ಒಂದು ಪಕ್ಕ 15 ಸೆಕೆಂಡ್, ಇನ್ನೊಂದು ಪಕ್ಕ ನಿದ್ದೆ ಟೈಮರ್ ಬಂದು ಕೂತವು.

ಗುಂಡಿಗಿಂತ ದೊಡ್ಡ ಕೆಲಸ ನೆಟ್‌ವರ್ಕ್‌ದು. ಮೀಡಿಯಾ3ರಲ್ಲಿ ಹಾಡು ನುಡಿಸುವ ಭಾಗವಾದ ಎಕ್ಸೋಪ್ಲೇಯರ್ ಸುಮ್ನೆ ಬಿಟ್ಟರೆ 50 ಸೆಕೆಂಡ್‌ನಷ್ಟು ಮುಂದಕ್ಕೆ ತುಂಬಿಟ್ಟುಕೊಳ್ಳುತ್ತೆ. ಬೆಂಗಳೂರಿಗೆ ಅದು ಸಾಕು. ಸೋಮವಾರಪೇಟೆಯಿಂದ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ದಾಟಿ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಎರಡು ತಿರುವಿಗೂ ಸಾಲಲ್ಲ. ಹೀಗೆ ಮುಂದಕ್ಕೆ ತುಂಬಿಟ್ಟ ಸರಕನ್ನು, ಅಂದರೆ ಬಫರನ್ನು, 10 ನಿಮಿಷಕ್ಕೆ ಏರಿಸಿದೆ. ನಮ್ಮ ಫೈಲ್‌ಗಳು 64 ಕೆಬಿಪಿಎಸ್, ಅಂದರೆ 10 ನಿಮಿಷಕ್ಕೆ 4.8 ಎಂಬಿ. ಲೈಬ್ರರಿ ಆಡಿಯೋಗೆ ಇಟ್ಟಿರುವ ಮಿತಿ ಸುಮಾರು 13 ಎಂಬಿ, ಹಾಗಾಗಿ ಆರಾಮಾಗಿ ಹಿಡಿಯುತ್ತೆ. ಕನಿಷ್ಠ (ಇದಕ್ಕಿಂತ ಇಳಿದರೆ ಮತ್ತೆ ತುಂಬಲು ಶುರು), ಗರಿಷ್ಠ (ಇಲ್ಲಿಗೆ ಬಂದರೆ ತುಂಬೋದು ನಿಲ್ಲುತ್ತೆ) ಎರಡನ್ನೂ 10 ನಿಮಿಷವೇ ಮಾಡಿದೆ. ಕನಿಷ್ಠವನ್ನು 5 ಮಾಡಿದ್ದರೆ ಬ್ಯಾಟರಿ ಒಂಚೂರು ಉಳಿಯುತ್ತಿತ್ತೇನೋ. ಆದರೆ ಐದೇ ನಿಮಿಷದ ಸರಕು ಇಟ್ಟುಕೊಂಡು ಆ ಕಣಿವೆಗೆ ಇಳಿಯೋದು ಬೇಡ ಅನ್ನಿಸಿತು. ಇದು ಫೈಲ್‌ಗಳಿಗೆ ಮಾತ್ರ ನಡೆಯುವ ಮಾತು. ನೇರ ಪ್ರಸಾರದಲ್ಲಿ ಇನ್ನೂ ಆಡದ ಮಾತನ್ನು ತುಂಬಿಟ್ಟುಕೊಳ್ಳೋಕೆ ಆಗಲ್ಲ.

ಚಿಕ್ಕಮ್ಮ ಹೇಳಿದ 'ಗುಂಡಿನೂ ಕಾಣಿಸ್ತಿಲ್ಲ' ಅನ್ನೋದರ ಕಾರಣವೂ ಇದರ ಪಕ್ಕದಲ್ಲೇ ಇತ್ತು. ಇಂಥ ಫೈಲ್ ಇಳಿಸುವಾಗ ಪ್ಲೇಯರ್ ಮೂರು ಸಲ ಮತ್ತೆ ಪ್ರಯತ್ನಿಸಿ ಕೈಚೆಲ್ಲುತ್ತೆ. ಬಫರ್ ಮುಗಿದ ಕೂಡಲೇ ದೋಷ ಹೊರಗೆ ಬರುತ್ತೆ, ಪ್ಲೇಯರ್ ಐಡಲ್, ಅಂದರೆ ಕೆಲಸ ನಿಲ್ಲಿಸಿ ಕೂತ ಸ್ಥಿತಿಗೆ ಇಳಿಯುತ್ತೆ. ಐಡಲ್ ಆದ ಪ್ಲೇಯರ್‌ಗೆ ನಾವು ಬಳಸಿದ ಮೀಡಿಯಾ3 ಆವೃತ್ತಿ ನೋಟಿಫಿಕೇಶನ್ ತೋರಿಸುತ್ತಿರಲಿಲ್ಲ (2025ರ 1.6 ಆವೃತ್ತಿಯಿಂದ ಇದು ಬದಲಾಗಿದೆ). ಕಾರ್ಡೇ ಮಾಯ! ಮರುಪ್ರಯತ್ನದ ಮಿತಿಯನ್ನು ತೆಗೆದುಹಾಕಿದೆ. ಈಗ ಸಿಗ್ನಲ್ ಸಿಗುವವರೆಗೂ ಹೆಚ್ಚೆಂದರೆ ಐದು ಸೆಕೆಂಡಿಗೊಮ್ಮೆ ತಟ್ಟುತ್ತಾ ಇರುತ್ತೆ, ಕಾರ್ಡ್ ಅಲ್ಲೇ ಉಳಿಯುತ್ತೆ. ಪರದೆ ಆರಿದಾಗಲೂ ಇಳಿಕೆ ನಿಲ್ಲದಿರಲಿ ಅಂತ ವೇಕ್ ಮೋಡ್ ಅನ್ನು ನೆಟ್‌ವರ್ಕ್‌ಗೆ ಇಟ್ಟಿದ್ದೇನೆ.

ಕಾರ್ಡ್ ಉಳಿದರೆ ಸಾಲದು, ಏನಾಗುತ್ತಿದೆ ಅಂತ ಹೇಳಲೂಬೇಕು. 'ನೆಟ್‌ವರ್ಕ್ ಇಲ್ಲ, ಇನ್ನೂ 6 ನಿಮಿಷ ಓಡುತ್ತೆ' ಅನ್ನುವ ಒಂದು ಸಾಲು ಬೇಕಿತ್ತು. ನೋಟಿಫಿಕೇಶನ್ ಪಠ್ಯ ಕೊಡುವ ಫಂಕ್ಷನ್‌ನಲ್ಲಿ ಅದನ್ನು ಹಾಕಿದರೆ ಆಂಡ್ರಾಯ್ಡ್ 10ರ ಹಳೆ ಫೋನಿನಲ್ಲಿ ಬಂತು, ಹೊಸದರಲ್ಲಿ ಬರಲಿಲ್ಲ. ಹೊಸದು ಸೆಷನ್‌ನ ಮೆಟಾಡೇಟಾ (ಹಾಡಿನ ಹೆಸರು, ಗಾಯಕರ ಹೆಸರು ಇತ್ಯಾದಿ) ಮಾತ್ರ ಓದುತ್ತೆ. ಹಾಗಾಗಿ ಗಾಯಕರ ಹೆಸರಿನ ಜಾಗಕ್ಕೆ ಈ ಸಾಲು ತುಂಬಿ, ನುಡಿಯುತ್ತಿರುವ ಐಟಂ ಅನ್ನು ಬದಲಾಯಿಸುತ್ತೇನೆ. ಫೈಲಿನ ವಿಳಾಸ ಅದೇ ಇದ್ದು ಮೆಟಾಡೇಟಾ ಮಾತ್ರ ಬೇರೆ ಆದರೆ ಹಾಡು ತಡವರಿಸಲ್ಲ.

ನೆಟ್‌ವರ್ಕ್ ಹೋಯಿತು ಅಂತ ಗೊತ್ತಾಗೋದು ಹೇಗೆ? ಸಿಸ್ಟಮ್ ತಿಳಿಸುತ್ತೆ, ಪೂರ್ತಿ ಹೋದರೆ. ನಮ್ಮಲ್ಲಿ ಜಾಸ್ತಿ ಆಗೋದು ಬೇರೆಯೇ: ಮೂರು ಕಡ್ಡಿ ನಿಂತಿರುತ್ತೆ, ಡೇಟಾ ಒಂದು ಹನಿ ಬರಲ್ಲ. ಅದಕ್ಕೆ ಪ್ಲೇಯರನ್ನೇ ಕೇಳುತ್ತೇನೆ. ಇಳಿಸಿಕೊಳ್ಳುತ್ತಿದ್ದೇನೆ ಅನ್ನುತ್ತೆ, ಆದರೆ ಬಫರಿನ ತುದಿ 15 ಸೆಕೆಂಡ್‌ನಿಂದ ಕದಲಿಲ್ಲ ಅಂದರೆ ನೆಟ್‌ವರ್ಕ್ ಇಲ್ಲ ಅಂತಲೇ ಲೆಕ್ಕ. ಬಫರ್ ತುಂಬಿ ಸುಮ್ನೆ ಕೂತಿರೋದಕ್ಕೂ ಇದಕ್ಕೂ ವ್ಯತ್ಯಾಸ ಆ 'ಇಳಿಸಿಕೊಳ್ಳುತ್ತಿದ್ದೇನೆ' ಅನ್ನೋದರಲ್ಲೇ ಸಿಗುತ್ತೆ. ಸಾಲನ್ನು ನಿಮಿಷ ಬದಲಾದಾಗ ಮಾತ್ರ ಹೊಸದು ಮಾಡುತ್ತೇನೆ. ಕ್ಷಣಕ್ಷಣಕ್ಕೂ ಅಪ್‌ಡೇಟ್ ಕಳಿಸಿದರೆ ಆಂಡ್ರಾಯ್ಡ್ ಕೆಲವನ್ನು ಬಿಸಾಕುತ್ತೆ.

ಮಡಿಕೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪರೀಕ್ಷೆ ಮಾಡಿದೆ. ಮಾದಾಪುರ ದಾಟಿದ ಮೇಲೆ 9, 8, 7 ಅಂತ ಇಳಿಯುತ್ತಾ ಬಂತು. ಹಟ್ಟಿಹೊಳೆ ಹತ್ತಿರ 4 ತೋರಿಸುವಾಗ ಸಿಗ್ನಲ್ ಬಂತು, ಸಾಲು ಅಳಿಸಿ ಹಾಡಿದ ಅಜ್ಜಿಯ ಹೆಸರು ವಾಪಸ್ ಬಂತು. ಪಕ್ಕದ ಸೀಟಿನವರು ಇಣುಕಿ, "ಇದು ನನ್ನ ಫೋನಿಗೂ ಹಾಕಿಕೊಡ್ತೀರಾ?" ಅಂದರು. ಅವರು ಕೇಳಿದ್ದು ಆ್ಯಪ್ ಅಲ್ಲ, ಆ ನಿಮಿಷದ ಲೆಕ್ಕ.

ಒಂದು ಅಡ್ಡ ಪರಿಣಾಮವೂ ಇದೆ. ಮೆಟಾಡೇಟಾ ಬ್ಲೂಟೂತ್‌ಗೂ ಹೋಗುತ್ತೆ. ಭಾವನ ಜೀಪಿನ ಸ್ಟೀರಿಯೋಗೆ ಕನ್ನಡ ಬರಲ್ಲ, ಬರೀ ಡಬ್ಬಿ ಡಬ್ಬಿ. ನೆಟ್‌ವರ್ಕ್ ಹೋದರೆ ಆ ಡಬ್ಬಿಗಳು ಬದಲಾಗುತ್ತವೆ. ಭಾವ ಈಗ ಅದನ್ನೇ ಗುರುತು ಮಾಡಿಕೊಂಡಿದ್ದಾರೆ.

ಸಣ್ಣಪುಟ್ಟದ್ದು: ಮೇಲಿನ ಪಟ್ಟಿಯ ಐಕಾನ್ ಬಿಳಿ ಆಕೃತಿ ಮಾತ್ರ ಇರಬೇಕು, ಬಣ್ಣದ ಚಿತ್ರ ಕೊಟ್ಟರೆ ಚೌಕ ಆಗುತ್ತೆ. ಡೋಲಿನ ಆಕೃತಿ ಬರೆದೆ. ಆಂಡ್ರಾಯ್ಡ್ 14ಕ್ಕೆ ಆ್ಯಪ್ ವಿವರ ಬರೆಯುವ ಫೈಲ್ ಆದ ಮ್ಯಾನಿಫೆಸ್ಟ್‌ನಲ್ಲಿ ಸರ್ವಿಸ್‌ನ ಬಗೆ 'ಮೀಡಿಯಾಪ್ಲೇಬ್ಯಾಕ್' ಅಂತ ಬರೆದು, ಅದರ ಅನುಮತಿಯನ್ನೂ ಸೇರಿಸಿದ್ದಾಯಿತು. ಉದ್ದದ ಹೆಸರುಗಳು ಕಾರ್ಡಿನಲ್ಲಿ ತುಂಡಾಗುತ್ತವೆ, ಹಾಗಾಗಿ ಊರು ಮೊದಲು, ಇಸವಿ ಕೊನೆಗೆ.

ಮುಂದಿನದು ನಾಲ್ಕನೇ ಜಾಗಕ್ಕೆ 'ಇಳಿಸಿಟ್ಟುಕೋ' ಗುಂಡಿ. ಮಳೆಗಾಲ ಹಿಡಿದರೆ ಕರೆಂಟ್ ಹೋಗಿ ಟವರ್ರೂ ಗಂಟೆಗಟ್ಟಲೆ ಮಲಗುತ್ತೆ, ಆಗ 10 ನಿಮಿಷದ ಬಫರ್ ಎಲ್ಲಿಗೂ ಸಾಲಲ್ಲ. ಜೂನ್‌ಗೆ ಮೊದಲು ಮುಗಿಸಬೇಕು.